ಎಡಕುಮೇರಿಯ ಮಳೆನೀರು, ಒಂದು ಬಾಟಲಿಯಲ್ಲಿ

ಸಕಲೇಶಪುರ ಘಾಟಿಯ ಎಡಕುಮೇರಿ ರೈಲ್ವೆ ಸ್ಟೇಷನ್ನಿನ ಮಾದರಿಯನ್ನು 1:87 ಅಳತೆಯಲ್ಲಿ (ನಿಜದ 87ನೇ ಒಂದು ಪಾಲು) ಮಾಡುತ್ತಿದ್ದೇನೆ. ಅದರಲ್ಲಿ ಆಗಷ್ಟೇ ಮಳೆ ನಿಂತ ಹೊತ್ತಿನ ನೋಟ ಬೇಕಿತ್ತು. ನಿಂತ ನೀರಿಗೆಂದು ಮೊದಲು ಎಲ್ಲಿಂದಲೋ ತಂದ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ವಾರವಾದರೂ ಅಂಟಂಟಾಗೇ ಉಳಿದು ತುಂಬಾ ಬೇಜಾರಾಯಿತು.

ಆಮೇಲೆ ವ್ಯಾಲೆಹೊ ಕಂಪನಿಯ ಸ್ಟಿಲ್ ವಾಟರ್ ತಂದೆ, ಒಣಗಿದರೆ ನಿಂತ ನೀರಿನಂತೆ ಕಾಣುವ ದ್ರವ ಅದು. ಬೆರೆಸುವ ಗೋಜಿಲ್ಲ, ನೇರ ಸುರಿದರಾಯಿತು. ಆದರೆ ತೆಳುವಾಗಿ ಸುರಿಯಿರಿ, ಒಣಗಲು ಇಡೀ ದಿನ ಬಿಡಿ, ಮತ್ತೆ ಸುರಿಯಿರಿ. ಹಳಿಯಡಿಯ ಸ್ಲೀಪರ್ ಪಟ್ಟಿಗಳ ನಡುವೆ ನಿಂತ ನೀರು ಜಲ್ಲಿಕಲ್ಲಿನ ಅಂಚಿಗೆ ಸ್ವಲ್ಪ ಹತ್ತಿಕೊಂಡಿದೆ. ಅದರಲ್ಲಿ ಸಿಗ್ನಲ್ ಕಂಬದ ನೆರಳೂ ಕಾಣುತ್ತದೆ!

ಒಂದು ಮಾತು. ನೆನೆದ ಮಣ್ಣು ಕಪ್ಪಾಗಿರುತ್ತದೆ ಅಲ್ವಾ? ಮೊದಲು ಗಾಢ ಕಂದು ಬಳಿಯಿರಿ. ಸುಮ್ನೆ ಹೊಳಪು ಹಚ್ಚಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಹಳಿಗೆ, ಹೆಂಚಿಗೆ ಹೊಳಪಿನ (ಗ್ಲಾಸಿ) ವಾರ್ನಿಶ್ ಸಾಕು. ಸ್ಟಿಲ್ ವಾಟರ್ ಬೆಲೆ ಜಾಸ್ತಿಯೇ, ಆದರೂ ಎರಡನೇ ಬಾಟಲಿ ತರಿಸಿದ್ದೇನೆ.