ಹೀಟ್ ಮುಳ್ಳು ತಾನಾಗಿ ಇಳಿದರೆ ಗಾಡಿ ನಿಲ್ಲಿಸಿ: ಹಳೇ ಪಿಕಪ್‌ನಲ್ಲಿ ಮಿಕ್ಸರ್ ಎಳೆಯುವವರಿಗೆ

ಮೇಲುಕೋಟೆ ಏರಿನಲ್ಲಿ ಹೆಡ್ (ಎಂಜಿನ್ ಸಿಲಿಂಡರ್‌ಗಳ ಮೇಲೆ ಕೂರುವ ಮುಚ್ಚಳ) ಸೀಳಿಕೊಂಡ ಒಂದು ಪಿಕಪ್‌ನ ವಿಚಾರ ಇದು. ಎರಡೂವರೆ ಲೀಟರಿನ, ಟರ್ಬೊ ಇರುವ ಹಳೇ ಡೀಸೆಲ್ ಎಂಜಿನ್. ಹಿಂದೆ ಕೊಂಡಿಗೆ ಕಟ್ಟಿದ್ದು ಮನೆ ಮೋಲ್ಡಿಂಗ್‌ಗೆ ತರುವ 10/7 ಅಳತೆಯ ಕಾಂಕ್ರೀಟ್ ಮಿಕ್ಸರ್. ಜಕ್ಕನಹಳ್ಳಿ ದಾಟಿ ಏರು ಶುರುವಾದ ಮೇಲೆ ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳು ಮುಕ್ಕಾಲು ದಾಟಿ ಕೆಂಪು ಗೆರೆ ಮುಟ್ಟಿತು. ಸ್ವಲ್ಪ ಹೊತ್ತಿಗೆ ಅದಾಗಿಯೇ ಅರ್ಧಕ್ಕಿಂತ ಕೆಳಗೆ ಬಂತು. ಸದ್ಯ ತಣ್ಣಗಾಯಿತು ಅಂತ ಡ್ರೈವರ್ ಎಳೆದುಕೊಂಡೇ ಹೋದ. ಊರು ಮುಟ್ಟುವ ಮೊದಲೇ ಎಂಜಿನ್ ಬಿಗಿದು ನಿಂತಿತು. ಮೇಲಿಂದ ಒಂದು ಬಿಂದಿಗೆ ತಣ್ಣೀರು ಬೇರೆ ಹುಯ್ದರು. ಬಿಚ್ಚಿದಾಗ ಎರಡನೇ ಮೂರನೇ ಸಿಲಿಂಡರ್ ನಡುವೆ ಹೆಡ್ ಕೆಳಗಿನ ಗ್ಯಾಸ್ಕೆಟ್ ಸುಟ್ಟಿತ್ತು, ಮೂರನೆಯದರ ಎರಡು ವಾಲ್ವ್ ಸೀಟ್‌ಗಳ ಮಧ್ಯೆ ಹೆಡ್ ಬಿರುಕು ಬಿಟ್ಟಿತ್ತು.

ಮುಳ್ಳು ಸುಳ್ಳು ಹೇಳಲಿಲ್ಲ. ಅದು ಹೇಳುವುದು ಸೆನ್ಸರ್‌ನ ತುದಿ ಮುಳುಗಿರುವ ನೀರಿನ ಶಾಖವನ್ನು. ನೀರು ಆವಿಯಾಗಿ ಹೊರಗೆ ಹೋಗಿ ಮಟ್ಟ ಇಳಿದರೆ ಸೆನ್ಸರ್ ಬರೀ ಗಾಳಿ, ಆವಿಯಲ್ಲಿ ನೇತಾಡುತ್ತದೆ. ಗಾಳಿಗೆ ನೀರಿನಷ್ಟು ಶಾಖ ಮುಟ್ಟಿಸಲು ಆಗುವುದಿಲ್ಲ, ಮುಳ್ಳು ಬೀಳುತ್ತದೆ. ಆ ಹೊತ್ತಿಗೆ ಹೆಡ್‌ನ ಲೋಹ ಮಾತ್ರ ಕಾಯುತ್ತಲೇ ಇರುತ್ತದೆ. ಏರು ಮುಗಿಯದೆ, ಆಕ್ಸಿಲರೇಟರ್ ಬಿಡದೆ ಮುಳ್ಳು ಇಳಿಯಿತು ಎಂದರೆ ನೀರು ಖಾಲಿ ಎಂದೇ ಲೆಕ್ಕ. ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.

ಆದರೆ ಆ ಗಾಡಿ ಕೆಟ್ಟದ್ದು ಆ ಏರಿನಲ್ಲಲ್ಲ. ತಿಂಗಳುಗಳ ಹಿಂದೆ ಯಾವುದೋ ಗ್ಯಾರೇಜಿನಲ್ಲಿ, "ವಾಲ್ವ್ ತೆಗ್ದ್‌ಬುಡಿ ಅಣ್ಣ, ನೀರು ಫ್ರೀಯಾಗಿ ಓಡಾಡ್ಲಿ, ಹೀಟೇ ಆಗಕ್ಕಿಲ್ಲ" ಎಂದ ದಿನವೇ ಕೆಟ್ಟಿತ್ತು. ನಮ್ಮ ಕಡೆ ಹೀಟ್ ಆಗುವ ಹಳೇ ಡೀಸೆಲ್‌ಗಳಿಗೆಲ್ಲ ಇದೇ ಮದ್ದು. ಅವರು ವಾಲ್ವ್ ಎನ್ನುವ ಥರ್ಮೋಸ್ಟಾಟ್ ಬಿಚ್ಚಿ ಬಿಸಾಕಿ, ಖಾಲಿ ಹೌಸಿಂಗ್‌ಗೆ ಗ್ಯಾಸ್ಕೆಟ್ ಪೇಸ್ಟ್ ಮೆತ್ತಿ ಮುಚ್ಚುವುದು. ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳಬೇಕು, ಏಕೆಂದರೆ ಖಾಲಿ ಗಾಡಿಯಲ್ಲಿ ಇದು ಕೆಲಸ ಮಾಡಿದ ಹಾಗೇ ಕಾಣುತ್ತದೆ.

ಇಂಥ ಬಹಳ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ಗೆ ಎರಡು ಕೆಲಸ. ಸುಮಾರು 82 ಡಿಗ್ರಿಯಲ್ಲಿ ತೆರೆದುಕೊಂಡು ರೇಡಿಯೇಟರ್ ಕಡೆಗೆ ದಾರಿ ಬಿಡುವುದು ಒಂದು. ತೆರೆದುಕೊಳ್ಳುತ್ತಾ ತನ್ನ ಕೆಳಗಿನ ತಟ್ಟೆಯಿಂದ ಬೈಪಾಸ್ ದಾರಿಯನ್ನು ಮುಚ್ಚುವುದು ಇನ್ನೊಂದು. ವಾಲ್ವ್ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಪಂಪ್ ತಳ್ಳಿದ ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಎಂಜಿನ್‌ಗೆ ಬರುತ್ತದೆ. ಖಾಲಿ ಗಾಡಿಯಲ್ಲಿ ಉಳಿದ ಪಾಲು ತಣಿದರೆ ಸಾಕಾಗುತ್ತದೆ. ಮಿಕ್ಸರ್ ಕಟ್ಟಿ ಏರು ಹತ್ತಿಸಿದಾಗ ಸಾಲುವುದಿಲ್ಲ. ಇನ್ನು ಚಳಿಗಾಲದ ಬೆಳಿಗ್ಗೆ ಖಾಲಿ ಓಡುವಾಗ ಎಂಜಿನ್ ಬಿಸಿಯೇ ಆಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಆಯಿಲ್‌ನಲ್ಲಿ ಕೆಸರು ಕಟ್ಟುತ್ತದೆ.

ಬಿಚ್ಚದೆಯೇ ಪತ್ತೆ ಮಾಡಬಹುದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್ ಮೇಲೆ ಕೈಯಿಡಿ. ವಾಲ್ವ್ ಇದ್ದರೆ ಹಲವು ನಿಮಿಷ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಎಂಜಿನ್ ಜೊತೆಜೊತೆಗೇ ಮೊದಲಿಂದ ನಿಧಾನಕ್ಕೆ ಬೆಚ್ಚಗಾದರೆ ವಾಲ್ವ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರು ಮೊದಲು ಮಾಡಬೇಕಾದ ಪರೀಕ್ಷೆ ಇದು. ಹಾಗಾಗಿಯೇ ಎಂಜಿನ್ ಮೊದಲೇ ಬಿಸಿ ಮಾಡಿಟ್ಟ ಗಾಡಿಯನ್ನು ನೋಡಲು ಹೋಗಬೇಡಿ. ಹೊಸ ವಾಲ್ವ್ ತಂದರೂ ಹಾಗೇ ಹಾಕಬೇಡಿ. ದಾರದಲ್ಲಿ ಕಟ್ಟಿ, ಪಾತ್ರೆಯ ತಳಕ್ಕೆ ತಾಗದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಿ, ನೀರು ಕುದಿಯುವ ಹೊತ್ತಿಗೆ ಹೆಚ್ಚುಕಡಿಮೆ ಎಂಟು ಮಿಲಿಮೀಟರ್ ತೆರೆಯಬೇಕು. ಕೂರಿಸುವಾಗ ಅದರ ಅಂಚಿನಲ್ಲಿರುವ ಸಣ್ಣ ಗಾಳಿ ತೂತು ಮೇಲ್ಗಡೆ ಬರಲಿ.

ಎರಡನೇ ತಪ್ಪು ನೀರು. ಮಂಡ್ಯದ ಬೋರ್ ನೀರು ಕಾಯಿಸಿದ ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಎಲ್ಲರಿಗೂ ಗೊತ್ತು. ಅದೇ ಪದರ ಸಿಲಿಂಡರ್ ಸುತ್ತಲಿನ ನೀರಿನ ಜಾಗದಲ್ಲೂ ಕಟ್ಟುತ್ತದೆ, ಅತಿ ಹೆಚ್ಚು ಕಾಯುವ ಜಾಗದಲ್ಲೇ ಅತಿ ದಪ್ಪಗೆ ಕಟ್ಟುತ್ತದೆ. ಲೋಹಕ್ಕೂ ನೀರಿಗೂ ನಡುವೆ ಕಂಬಳಿ ಹೊದಿಸಿದ ಹಾಗೆ. ಮುಳ್ಳು ಸರಿಯಾಗೇ ತೋರಿಸುತ್ತಿರುತ್ತದೆ, ವಾಲ್ವ್ ಸೀಟ್ ನಡುವಿನ ಲೋಹ ಮಾತ್ರ ಮಿತಿ ಮೀರಿ ಕಾದಿರುತ್ತದೆ. ಈ ಹೆಡ್ ಬಿರಿದದ್ದೂ ಅಲ್ಲೇ. ನಾಲೆ ನೀರು ಹಾಕಿದವರಿಗೆ ಪದರದ ಬದಲು ಮಣ್ಣು. ಆರ್‌ಓ ಘಟಕದ ನೀರು ಪರವಾಗಿಲ್ಲ ಅಂದುಕೊಳ್ಳಬೇಡಿ, ಕೂಲೆಂಟ್ ಇಲ್ಲದ ಬರೀ ನೀರು ಎಷ್ಟೇ ಶುದ್ಧವಿದ್ದರೂ ತುಕ್ಕು ಹಿಡಿಸುತ್ತದೆ. ಕೂಲೆಂಟ್ ಮತ್ತು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ಹಾಕಿ. ಡಬ್ಬದ ಮೇಲೆ ಪ್ರಿಮಿಕ್ಸ್ ಎಂದಿದ್ದರೆ ನೀರು ಬೆರೆಸಲೇಬೇಡಿ. ಹಸಿರು, ಕೆಂಪು ಎರಡನ್ನೂ ಕಲೆಸಬೇಡಿ. ಕೆಲವು ಜಾತಿ ಒಂದಕ್ಕೊಂದು ಸೇರಿದರೆ ಗಂಜಿಯಂತಾಗಿ ಕೊಳವೆ ಕಟ್ಟುತ್ತದೆ.

ಅರಿಶಿನದ ಪುಡಿ! ರೇಡಿಯೇಟರ್ ಸೋರಿದರೆ ಅರಿಶಿನ ಹಾಕುವುದು ಹಳೇ ಡ್ರೈವರ್‌ಗಳ ವಿದ್ಯೆ. ರಾತ್ರಿ ನಡುದಾರಿಯಲ್ಲಿ ಮನೆ ಮುಟ್ಟಲು ಅದು ಸರಿ. ಮಾರನೇ ದಿನ ತೊಳೆಯದೆ ಬಿಟ್ಟರೆ ಸೋರುವ ತೂತಿನ ಜೊತೆಗೆ ಸೋರದ ಕೊಳವೆಗಳೂ ಮುಚ್ಚುತ್ತವೆ. ಈ ಗಾಡಿಯ ರೇಡಿಯೇಟರ್‌ನ ಕೆಳಗಿನ ಕಾಲುಭಾಗ ಎಂಜಿನ್ ಬಿಸಿ ಇದ್ದಾಗಲೂ ಕೈಗೆ ತಣ್ಣಗಿರುತ್ತಿತ್ತಂತೆ. ಎಂಜಿನ್ ನಿಲ್ಲಿಸಿ, ಅಂಗೈ ಆಡಿಸಿ ನೋಡಿ. ಅಕ್ಕಪಕ್ಕಕ್ಕೆ ಹೋಲಿಸಿದರೆ ಒಂದೇ ಕಡೆ ತೀರಾ ತಣ್ಣಗಿದ್ದರೆ ಅಷ್ಟು ಕೊಳವೆ ಸತ್ತಿವೆ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಬಿಡಿಸುತ್ತೇವೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ, ಅಲ್ಯೂಮಿನಿಯಂ ಕೋರ್ ಆದರೆ ಅದೇ ಕರಗುತ್ತದೆ. ಬಿಚ್ಚಿ ರೇಡಿಯೇಟರ್ ಅಂಗಡಿಯಲ್ಲಿ ರಾಡ್ ಹೊಡೆಸುವುದು (ಕೊಳವೆಗಳಲ್ಲಿ ಸರಳು ತೂರಿಸಿ ಕಸ ತೆಗೆಸುವುದು), ಆಗದಿದ್ದರೆ ಕೋರ್ ಬದಲಿಸುವುದು, ಎರಡೇ ದಾರಿ. ಕಬ್ಬಿನ ಗದ್ದೆ ಸುತ್ತ ಓಡುವ ಗಾಡಿಗಳಲ್ಲಿ ಹೊರಗಡೆಯೂ ನೋಡಿ. ತರಗು, ದೂಳು, ಆಯಿಲ್ ಸೇರಿ, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಚಾಪೆಯಂತೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲನೆಯ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಲಗುತ್ತವೆ.

ಮಿಕ್ಸರ್ ಎಳೆಯುವವರಿಗೆ ಫ್ಯಾನ್ ಯಾಕೆ ಮುಖ್ಯ ಎಂದರೆ, ಮಿಕ್ಸರ್‌ನ ಚಕ್ರ ಜೋರಾಗಿ ಓಡಲು ಮಾಡಿದ್ದಲ್ಲ. ಇಪ್ಪತ್ತರ ವೇಗದಲ್ಲಿ, ಎರಡನೇ ಗೇರಿನಲ್ಲಿ, ಮುಂದಿನಿಂದ ನುಗ್ಗುವ ಗಾಳಿ ಇಲ್ಲವೇ ಇಲ್ಲ. ತಣಿಸುವ ಕೆಲಸವೆಲ್ಲ ಫ್ಯಾನಿನದೇ. ಹಳೇ ಗಾಡಿಗಳಲ್ಲಿ, ಬಿಸಿಯಾದಾಗ ಫ್ಯಾನನ್ನು ಹಿಡಿದು ತಿರುಗಿಸುವ ಫ್ಯಾನ್ ಕ್ಲಚ್ ಒಳಗಿನ ಸಿಲಿಕಾನ್ ಆಯಿಲ್ ಸೋರಿ ಹೋಗಿರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಕೀ ಕಿತ್ತುಕೊಂಡು, ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ಕೈಯ ಜೊತೆಗೇ ನಿಲ್ಲಬೇಕು. ಒಂದು ಸುತ್ತಿಗಿಂತ ಹೆಚ್ಚು ಬುಗುರಿಯಂತೆ ತಿರುಗಿದರೆ ಕ್ಲಚ್ ಬದಲಿಸಿ. ಬೋಲ್ಟ್ ಹೊಡೆದು ಕ್ಲಚ್ ಲಾಕ್ ಮಾಡಿಸಿದರೆ ಹೈವೇಯಲ್ಲಿ ಆರ್‌ಪಿಎಂ ಏರಿದಾಗ ಫ್ಯಾನ್ ರೆಕ್ಕೆಗೂ ವಾಟರ್ ಪಂಪ್ ಬೇರಿಂಗ್‌ಗೂ ಹೊಡೆತ.

ರೇಡಿಯೇಟರ್ ಕ್ಯಾಪ್ ವಿಚಾರ ಯಾರೂ ಕೇಳುವುದಿಲ್ಲ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. 0.9 (ಬಾರ್ ಒತ್ತಡ) ಗುರುತಿನ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ ಬರೀ ನೀರಿಗೂ ಕುದಿಯುವ ಬಿಂದು 115 ದಾಟುತ್ತದೆ. ಕ್ಯಾಪ್‌ನ ರಬ್ಬರ್ ಒಣಗಿ ಬಿರಿದಿದ್ದರೆ ಆ ಇಪ್ಪತ್ತು ಡಿಗ್ರಿ ಅಲ್ಲೇ ಹೋಯಿತು. ಈ ಗಾಡಿಗೆ ಹಾಕಿದ್ದು ಯಾವುದೋ ಟ್ರ್ಯಾಕ್ಟರ್ ಕ್ಯಾಪ್, ಕೂರುತ್ತಿತ್ತು, ಒತ್ತಡ ಹಿಡಿಯುತ್ತಿರಲಿಲ್ಲ.

ಇಷ್ಟರ ನಡುವೆ ಬಿಳಿ ಹೊಗೆ ಬಂದಾಗ ಇಂಜೆಕ್ಟರ್ ಸರ್ವಿಸ್, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಅಂತ ಮಾಲೀಕನ ದುಡ್ಡು ಬೇರೆ ಕಡೆ ಖರ್ಚು ಮಾಡಿಸಿದ್ದರು. ಸುಡದ ಡೀಸೆಲ್‌ನ ಬಿಳಿ ಹೊಗೆ ಕಣ್ಣು ಉರಿಸುತ್ತದೆ. ಗ್ಯಾಸ್ಕೆಟ್ ದಾಟಿ ಸಿಲಿಂಡರ್‌ಗೆ ನುಗ್ಗಿದ ನೀರಿನದು ಬರೀ ಆವಿ, ಕಣ್ಣು ಉರಿಯುವುದಿಲ್ಲ, ಕೂಲೆಂಟ್ ಇದ್ದರೆ ಸಿಹಿ ವಾಸನೆ. ಡೀಸೆಲ್ ಪಂಪ್ ಬಿಚ್ಚಿಸುವ ಮೊದಲು ತಣ್ಣಗಿರುವ ಎಂಜಿನ್‌ನ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ ನೋಡಿ. ನೀರಿನಲ್ಲಿ ನಿಲ್ಲದೆ ಗುಳ್ಳೆ ಎದ್ದರೆ, ಅಥವಾ ಕ್ಯಾಪ್ ಹಾಕಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಾದರೆ, ಉರಿಯುವ ಗ್ಯಾಸ್ ನೀರಿಗೆ ಹೋಗುತ್ತಿದೆ.

ಹೆಡ್ ಬಿಚ್ಚಿಸಲೇಬೇಕಾಗಿ ಬಂದರೆ ಎದುರಿಗೆ ನಿಂತು ಮಾಡಿಸಿ. ಲೇತ್‌ಗೆ ಕಳಿಸುವ ಮೊದಲು ಪ್ರೆಶರ್ ಟೆಸ್ಟ್ ಆಗಲಿ, ಬಿರುಕಿರುವ ಹೆಡ್‌ಗೆ ಫೇಸಿಂಗ್ (ಮುಖ ತರೆದು ಸಮ ಮಾಡುವುದು) ದಂಡ. ನೇರ ಪಟ್ಟಿ ಇಟ್ಟು 0.10 ಮಿಲಿಮೀಟರ್ ಫೀಲರ್ (ತೆಳು ಅಳತೆ ಪಟ್ಟಿ) ತೂರಿಸಿ ನೋಡಿ, ತೂರಿದರೆ ಹೆಡ್ ಬಾಗಿದೆ ಎಂದೇ ತಿಳಿದು ಮ್ಯಾನುಯಲ್ ಮಿತಿಗೆ ಹೋಲಿಸಿ. ಗ್ಯಾಸ್ಕೆಟ್ ಒಂದೇ ದಪ್ಪದಲ್ಲಿ ಬರುವುದಿಲ್ಲ. ಪಿಸ್ಟನ್ ಬ್ಲಾಕ್‌ನಿಂದ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜ್‌ನಲ್ಲಿ ಅಳೆದು, ಅದಕ್ಕೆ ತಕ್ಕ ಕಚ್ಚು ಅಥವಾ ತೂತಿನ ಗುರುತಿನದನ್ನು ತರಬೇಕು. ಡಿಗ್ರಿ ಲೆಕ್ಕದಲ್ಲಿ ಬಿಗಿಯುವ ಹೆಡ್ ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ, ಅವು ಹಿಗ್ಗಿರುತ್ತವೆ. ಬೋಲ್ಟ್ ತೂತಿನಲ್ಲಿ ನೀರು, ಆಯಿಲ್ ನಿಂತಿದ್ದರೆ ಏರ್ ಹೊಡೆದು ಒಣಗಿಸಿ. ಇಲ್ಲದಿದ್ದರೆ ಟಾರ್ಕ್ (ಬಿಗಿತದ ಅಳತೆ) ಬಂದಂತೆ ತೋರುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ, ಬ್ಲಾಕ್ ಬಿರಿದರೂ ಬಿರಿಯಿತು.

ನೀರು ತುಂಬುವಾಗ ಮೂತಿ ಮೇಲಾಗುವಂತೆ ಗಾಡಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆಗೆದೇ ಐಡಲ್‌ನಲ್ಲಿ ಬಿಡಿ. ಮೇಲಿನ ಹೋಸನ್ನು ಆಗಾಗ ಹಿಸುಕುತ್ತಾ, ಮಟ್ಟ ಇಳಿದ ಹಾಗೆಲ್ಲ ಹುಯ್ಯಿರಿ. ಎಷ್ಟು ಲೀಟರ್ ಹಿಡಿಯಿತು ಅಂತ ಅಳೆದು ಮ್ಯಾನುಯಲ್‌ಗೆ ಹೋಲಿಸಿ. ಎರಡು ಲೀಟರ್ ಕಮ್ಮಿ ಎಂದರೆ ಒಳಗೆ ಎಲ್ಲೋ ಗಾಳಿ ಕೂತಿದೆ. ಮಾರನೇ ಬೆಳಿಗ್ಗೆ ತಣ್ಣಗಿದ್ದಾಗ ಮತ್ತೊಮ್ಮೆ ನೋಡಿ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ, ಇಳಿದಿಲ್ಲವಾದರೆ, ಆವಿ ಕಾಣದಿದ್ದರೆ, ತಕ್ಷಣ ಆಫ್ ಮಾಡಬೇಡಿ. ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದು, ಹೀಟರ್ ಆನ್ ಮಾಡಿ ತಣಿಸಿ. ಟರ್ಬೊಗೂ ಅದು ಒಳ್ಳೆಯದು. ಆವಿ ಬಂದರೆ ಅಥವಾ ಮುಳ್ಳು ಬಿದ್ದರೆ ಮಾತ್ರ ಆ ಕ್ಷಣವೇ ಆಫ್. ಅರ್ಧ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ, ಮೇಲಿಂದ ನೀರು ಹುಯ್ಯಬೇಡಿ.

ಎಳೆಯುವ ಕೆಲಸವೇ ಜೀವನವಾದ ಗಾಡಿಗೆ, ನೀರಿನ ಬದಲು ಹೆಡ್‌ನ ಲೋಹದ ಶಾಖವನ್ನೇ ಅಳೆದು ಕೂಗುವ ಅಲಾರಂ ಹಾಕಿಸಿ. ಉಂಗುರದಂಥ ಸೆನ್ಸರ್, ಒಂದು ವೈರ್, ಒಂದು ಸಣ್ಣ ಡಬ್ಬ, ಇಷ್ಟೇ ಇರುತ್ತದೆ. ನೀರು ಪೂರ್ತಿ ಖಾಲಿಯಾದರೂ ಅದು ಕೂಗುತ್ತದೆ. ಒಂದು ವಾರ ಮಿಕ್ಸರ್ ಕಟ್ಟಿ ಓಡಿಸಿ ಮಾಮೂಲಿ ಎಷ್ಟು ತೋರಿಸುತ್ತದೆ ನೋಡಿಕೊಂಡು, ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲಕ್ಕೆ ಅಲಾರಂ ಇಡಿ. ಉಂಗುರವನ್ನು ಹೆಡ್‌ಗೆ ನೇರವಾಗಿ ಕೂತಿರುವ ಯಾವುದಾದರೂ ಬ್ರಾಕೆಟ್ ಬೋಲ್ಟ್ ಕೆಳಗೆ ಸಿಕ್ಕಿಸಿ. ಹೆಡ್ ಬೋಲ್ಟ್ ಕೆಳಗೆ ಬೇಡ, ಟಾರ್ಕ್ ಕೆಡುತ್ತದೆ.