90 ನಿಮಿಷದ ಪ್ರಮಾಣಪತ್ರ: ಐದಕ್ಕೆ ಎರಡು ನಕ್ಷತ್ರ

ಮೊದಲೇ ಹೇಳಿಬಿಡುತ್ತೇನೆ, ಈ ಪರೀಕ್ಷೆಯಲ್ಲಿ ನನಗೆ 100ಕ್ಕೆ 100 ಬಂತು. ನಮ್ಮ ಕ್ಲಿನಿಕ್ಕಿನ ಆಂಟಿ ನಪಾಸಾದರು. ಅವರಿಗೆ ಬಂದದ್ದು 75. ಪಾಸಾಗಲು 80 ಬೇಕು. ಪರೀಕ್ಷೆಯ ವಿಷಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಸಂಸ್ಕೃತಿ. ನಾನು ಕನ್ನಡದವಳು, ಈ ಮರುಭೂಮಿಗೆ ಬಂದು ಆರು ವರ್ಷವಾಯಿತು. ಆಂಟಿ ವಾರ್ಲ್‌ಪಿರಿ ಜನಾಂಗದವರು. ಇದೇ ಕೆಂಪು ಮಣ್ಣಿನಲ್ಲಿ ಹುಟ್ಟಿ, ಇದೇ ಊರಿನ ಎರಡು ತಲೆಮಾರಿನ ಮಕ್ಕಳಿಗೆ ಲಸಿಕೆ ಹಾಕಿದವರು. ಫಲಿತಾಂಶ ನೋಡಿ ಎರಡು ದಿನ ನಕ್ಕರು. ಮೂರನೆಯ ದಿನ ‘ನೀವು ಮತ್ತೊಮ್ಮೆ ಪ್ರಯತ್ನಿಸಬೇಕು’ ಎಂಬ ಇಮೇಲ್ ಬಂದಾಗ ನಗಲಿಲ್ಲ.

(ಆಂಟಿ ಎಂದು ಕರೆದರೆ ನಮ್ಮ ಕಡೆ ಮುಖ ಸಿಂಡರಿಸುವವರಿದ್ದಾರೆ. ಇಲ್ಲಿ ಅದು ವಯಸ್ಸಿಗೂ ತಿಳಿವಳಿಕೆಗೂ ಸಲ್ಲುವ ಬಿರುದು. ಎಲ್ಲರಿಗೂ ಸಿಗುವುದಿಲ್ಲ.)

ಸರಕಿನ ವಿವರ ಹೀಗಿದೆ. ದೊಡ್ಡ ನಗರವೊಂದರ ಕಂಪನಿ ಮಾರುವ ಆನ್‌ಲೈನ್ ತರಬೇತಿ ಇದು. ಹೆಸರು ಬೇಡ, ಇಂಥವು ಹತ್ತಾರಿವೆ. ವಿಷಯ ‘ಸಾಂಸ್ಕೃತಿಕ ಸುರಕ್ಷತೆ’, ಅಂದರೆ ರೋಗಿಯ ಸಂಸ್ಕೃತಿಗೆ ಧಕ್ಕೆಯಾಗದಂತೆ ಆರೈಕೆ ಮಾಡುವುದು. 6 ಪಾಠ, 20 ಪ್ರಶ್ನೆ, 90 ನಿಮಿಷ, ತಲೆಗೆ 85 ಡಾಲರ್. ನಮ್ಮಲ್ಲಿ ಡ್ರೈವರ್, ಕಸ ಗುಡಿಸುವವರು ಸೇರಿ 14 ಮಂದಿ. ಒಟ್ಟು 1,190 ಡಾಲರ್. ಆ ದುಡ್ಡು ಮಂಜೂರು ಮಾಡಿಸಿದವಳು ನಾನೇ. ಆಲಿಸ್ ಸ್ಪ್ರಿಂಗ್ಸ್‌ನಿಂದ ಮಣ್ಣಿನ ರಸ್ತೆಯಲ್ಲಿ ನಾಲ್ಕು ಗಂಟೆ ದೂರದ ಈ ಪುಟ್ಟ ಕ್ಲಿನಿಕ್ಕಿನ ಹೊಣೆ ಮೂರು ವರ್ಷದಿಂದ ನನ್ನ ಮೇಲಿದೆ. ಆದ್ದರಿಂದ ಮುಂದೆ ಬರುವ ಬೈಗುಳದಲ್ಲಿ ಒಂದು ಪಾಲು ನನಗೂ ಸೇರಬೇಕು.

ಪಾಠ ತೆರೆದ ಕೂಡಲೇ ಡಿಜೆರಿಡೂ ಸದ್ದು ಮೊಳಗುತ್ತದೆ. ಪರದೆಯ ಮೇಲೆ ಸೂರ್ಯಾಸ್ತ. ಡಿಜೆರಿಡೂ ಆಸ್ಟ್ರೇಲಿಯಾದ ಉತ್ತರ ತುದಿಯ ಕಡೆಯ ವಾದ್ಯ. ನಮ್ಮ ಮರುಭೂಮಿಯವರ ಪರಂಪರೆಯಲ್ಲಿ ಅದಿಲ್ಲ. ಇಲ್ಲಿ ಹಾಡಿಗೆ ಎರಡು ಬೂಮರಾಂಗ್‌ಗಳನ್ನು ಒಂದಕ್ಕೊಂದು ಬಡಿದು ತಾಳ ಹಾಕುತ್ತಾರೆ. ಕನ್ನಡಿಗರ ಬಗ್ಗೆ ಪಾಠ ಹೇಳುವುದಕ್ಕೆ ಮೊದಲು ಭಾಂಗ್ಡಾ ಹಾಕಿದ ಹಾಗಾಯಿತು. ಆಂಟಿ ಧ್ವನಿಯನ್ನು ಬಂದ್ ಮಾಡಿ ಮುಂದುವರಿದರು. ಅವರ ಅಂಕ ಕಡಿಮೆಯಾಗಲು ಅದೂ ಒಂದು ಕಾರಣವಿರಬಹುದು.

ಆದರೂ ಎರಡನೆಯ ಪಾಠ ಚೆನ್ನಾಗಿದೆ. ಅದಕ್ಕಾಗಿಯೇ ಎರಡು ನಕ್ಷತ್ರ. ಮೂಲನಿವಾಸಿ ಮಕ್ಕಳನ್ನು ಸರ್ಕಾರ ತಾಯಂದಿರ ಮಡಿಲಿಂದ ಕಿತ್ತು ಒಯ್ದ ದಶಕಗಳ ಕಥೆ ಅದರಲ್ಲಿದೆ. 2008ರ ಫೆಬ್ರವರಿ 13ರಂದು ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದೂ ಇದೆ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳು ತಮ್ಮದೇ ವೈದ್ಯಕೀಯ ಸೇವೆ ಆರಂಭಿಸಿದ್ದು, ಎರಡು ವರ್ಷದ ಬಳಿಕ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ‘ಕಾಂಗ್ರೆಸ್’ ಎಂಬ ಅವರದೇ ಸಂಸ್ಥೆ ಹುಟ್ಟಿದ್ದು, ಅಂಥ ಕಡೆ ಆಡಳಿತ ಮಂಡಳಿಯೇ ಆ ಜನರದ್ದು ಎಂಬುದು, ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದ್ದಾರೆ. ನಗರದಿಂದ ನೇರ ಬಂದಿಳಿದ ನರ್ಸ್ ಒಬ್ಬಳು ಈ ಪಾಠ ಮುಗಿಸಿ ನನ್ನ ಕೋಣೆಗೆ ಬಂದು, “ಅದಕ್ಕೇ ಅಜ್ಜಿಯಂದಿರು ನಮ್ಮ ಗಾಡಿ ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರಾ?” ಎಂದು ಕೇಳಿದಳು. ಅಷ್ಟು ಅರ್ಥವಾದದ್ದಕ್ಕೆ 85 ಡಾಲರ್ ಸಲ್ಲುತ್ತದೆ.

ಮೂರನೆಯ ಪಾಠದಿಂದ ಹಳಿ ತಪ್ಪುತ್ತದೆ. ಸಾಂಸ್ಕೃತಿಕ ಸುರಕ್ಷತೆ ಎಂಬ ಮಾತು ಬೆಳೆದದ್ದು ನ್ಯೂಜಿಲೆಂಡಿನಲ್ಲಿ, ಇರಿಹಾಪೆಟಿ ರಾಮ್ಸ್‌ಡೆನ್ ಎಂಬ ಮಾವೊರಿ ನರ್ಸ್ ಅವರ ಕೈಯಲ್ಲಿ. 1992ರಲ್ಲಿ ಅಲ್ಲಿಯ ನರ್ಸಿಂಗ್ ಮಂಡಳಿ ಅದನ್ನು ಶಿಕ್ಷಣದಲ್ಲಿ ಕಡ್ಡಾಯ ಮಾಡಿತು. ರೋಗಿಯ ಪದ್ಧತಿಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದಕ್ಕೆ ರಾಮ್ಸ್‌ಡೆನ್ ಒಪ್ಪುತ್ತಿರಲಿಲ್ಲ. ನರ್ಸ್ ತನ್ನ ಕೈಯಲ್ಲಿರುವ ಅಧಿಕಾರವನ್ನು ನೋಡಿಕೊಳ್ಳಬೇಕು, ಆರೈಕೆ ಸುರಕ್ಷಿತವೋ ಅಲ್ಲವೋ ಎಂದು ಆರೈಕೆ ಪಡೆದವರೇ ಹೇಳಬೇಕು ಎಂಬುದು ಅವರ ವಾದ. ಆಸ್ಟ್ರೇಲಿಯಾದ ವೈದ್ಯಕೀಯ ನೋಂದಣಿ ವ್ಯವಸ್ಥೆಯೂ ಈಗ ಅದನ್ನೇ ಹೇಳುತ್ತದೆ. 2022ರ ತಿದ್ದುಪಡಿಯಿಂದ ಕಾನೂನಿಗೂ ಸೇರಿದೆ. ಈ ಕಂಪನಿಯ ಪಾಠ ಇಷ್ಟನ್ನೂ ಒಂದು ಚೌಕದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಅದರ ಮುಂದಿನ ಪುಟದಿಂದ ಪದ್ಧತಿಗಳ ಪಟ್ಟಿ ಶುರು.

ಏಳನೆಯ ಪ್ರಶ್ನೆ ನೋಡಿ. ‘ಮೂಲನಿವಾಸಿ ರೋಗಿಗಳು ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುವುದಿಲ್ಲ. ಸರಿಯೋ ತಪ್ಪೋ?’ ಆಂಟಿ ‘ತಪ್ಪು’ ಎಂದು ಗುರುತು ಹಾಕಿದರು.

“ಯಾಕೆ ಆಂಟಿ?” ಎಂದು ಕೇಳಿದೆ.

“ಯಾವ ರೋಗಿ ಎಂದು ಅವರು ಹೇಳಲೇ ಇಲ್ಲವಲ್ಲ ಡಾಕ್ಟರ್. ನನ್ನ ತಂಗಿಗೆ ಸಿಟ್ಟು ಬಂದಾಗ ನೋಡಿದ್ದೀರಾ? ಕಣ್ಣು ಕೀಳುವುದೇ ಇಲ್ಲ.”

ಅವರ ತಂಗಿಯ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಆದರೂ ನಾನು ‘ಸರಿ’ ಎಂದೇ ಗುರುತು ಹಾಕಿದ್ದೆ. ಪರೀಕ್ಷೆ ಪಾಸು ಮಾಡುವ ವಿದ್ಯೆ ನಮ್ಮ ರಕ್ತದಲ್ಲಿದೆ.

ಈಗ ಈ ತರಬೇತಿ ಮುಟ್ಟದ ಒಂದು ಸಂಗತಿ. ಕಳೆದ ಏಪ್ರಿಲ್‌ನಲ್ಲಿ ಸಕ್ಕರೆ ಕಾಯಿಲೆಯ ಒಬ್ಬರು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದವರು ಮೂರು ಸಲ ಹಾಗೆಯೇ ಹೊರಟುಹೋದರು. ಮೂರು ಸಲವೂ ಕಂಪ್ಯೂಟರಿನಲ್ಲಿ ‘ಕಾಯಲಿಲ್ಲ’ ಎಂದು ದಾಖಲಾಯಿತು. ನಗರದ ಕಚೇರಿಯಿಂದ ಅವರಿಗೆ ಎಚ್ಚರಿಕೆಯ ಧಾಟಿಯ ಪತ್ರವೂ ಸಿದ್ಧವಾಯಿತು. ಅದಕ್ಕೆ ಸಹಿ ಹಾಕುವ ಮುಂಚೆ ಆಂಟಿಯನ್ನು ಕೇಳಬೇಕೆಂದು ಯಾಕೋ ಅನ್ನಿಸಿತು.

“ಮೂರು ದಿನವೂ ಒಳಗೆ ಅವನ ಅತ್ತೆ ಕೂತಿದ್ದರು” ಎಂದರು. ಅವರಿಗೆ ಇದು ಹೇಳಬೇಕಾದ ವಿಷಯವೇ ಆಗಿರಲಿಲ್ಲ.

ವಾರ್ಲ್‌ಪಿರಿ ಜನರಲ್ಲಿ ಅಳಿಯ ಮತ್ತು ಹೆಂಡತಿಯ ತಾಯಿ ಒಂದೇ ಕೋಣೆಯಲ್ಲಿ ಇರುವಂತಿಲ್ಲ, ನೇರ ಮಾತಿಲ್ಲ, ಮುಖ ನೋಡುವುದಿಲ್ಲ. ದ್ವೇಷವೇನೂ ಇಲ್ಲ, ಅದು ಗೌರವದ ತುತ್ತತುದಿ. ನಮ್ಮ ಅಜ್ಜಿ ಅಳಿಯಂದಿರು ಬಂದರೆ ಬಾಗಿಲ ಮರೆಯಲ್ಲಿ ನಿಂತೇ ಊಟಕ್ಕೆ ಏಳಿ ಎನ್ನುತ್ತಿದ್ದರು. ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನಮ್ಮ ಕ್ಲಿನಿಕ್ಕಿಗೆ ಇರುವುದು ಒಂದೇ ಕಾಯುವ ಕೋಣೆ, ರೋಗಿಗಳಿಗೆ ಆಗ ತೆರೆದಿದ್ದದ್ದು ಒಂದೇ ಬಾಗಿಲು, ಗೋಡೆಗೆ ಸಾಲಾಗಿ ಜೋಡಿಸಿ ನೆಲಕ್ಕೆ ಬೋಲ್ಟ್ ಹಾಕಿದ ಎಂಟು ಕುರ್ಚಿ. ಆ ಮನುಷ್ಯ ಬಾಗಿಲು ತೆಗೆದು, ಎದುರಿಗೆ ಅತ್ತೆಯನ್ನು ಕಂಡು, ಕೊಳೆಯುತ್ತಿರುವ ಕಾಲನ್ನು ಎಳೆದುಕೊಂಡು ಹಿಂದಿರುಗಿದ್ದರು. ನಾವು ಅದಕ್ಕೆ ಅಸಡ್ಡೆ ಎಂದು ಹೆಸರಿಟ್ಟಿದ್ದೆವು. ತರಬೇತಿಯ ನಾಲ್ಕನೆಯ ಪಾಠದಲ್ಲಿ ‘ಕೆಲವು ಸಂಬಂಧಿಕರು ಪರಸ್ಪರ ದೂರವಿರುತ್ತಾರೆ’ ಎಂಬ ಒಂದು ಸಾಲು ಇದೆ. ಸರಿಯಾದ ಸಾಲೇ. ನಿಮ್ಮ ಕಟ್ಟಡಕ್ಕೆ ಬಾಗಿಲು ಎಷ್ಟು ಎಂಬ ಪ್ರಶ್ನೆ ಮಾತ್ರ 20ರಲ್ಲಿ ಎಲ್ಲಿಯೂ ಇಲ್ಲ. ಈಗ ಹಿಂಬಾಗಿಲ ಬೀಗ ತೆಗೆದಿದ್ದೇವೆ, ಹೊರಗೆ ಮರದ ನೆರಳಿಗೆ ಎರಡು ಬೆಂಚು ಹಾಕಿಸಿದ್ದೇವೆ. ಬೆಂಚಿಗೆ ತಗಲಿದ ಖರ್ಚು ತರಬೇತಿಗಿಂತ ಕಡಿಮೆ.

ಹೆಸರಿನ ವಿಚಾರವೂ ಹೀಗೆಯೇ. ಸತ್ತವರ ಹೆಸರನ್ನು ಇಲ್ಲಿ ಉಚ್ಚರಿಸುವುದಿಲ್ಲ ಎಂದು ಪಾಠ ಹೇಳುತ್ತದೆ. ನಮ್ಮ ಸಿಬ್ಬಂದಿ ಎಲ್ಲರೂ ಅದಕ್ಕೆ ಸರಿಯುತ್ತರವನ್ನೇ ಕೊಟ್ಟರು. ಆದರೆ ಅದೇ ಹೆಸರು ಹೊತ್ತು ಬದುಕಿರುವವರು ಏನು ಮಾಡಬೇಕು? ವಾರ್ಲ್‌ಪಿರಿಯಲ್ಲಿ ಅವರನ್ನೆಲ್ಲ ‘ಕುಮಂಜಾಯಿ’ ಎನ್ನುತ್ತಾರೆ. ನಮ್ಮ ಗೋಡೆಯ ಟಿವಿಗೆ ಇದು ಗೊತ್ತಿಲ್ಲ. ಅದು ಮುಂದಿನ ರೋಗಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ ಟಿಂಗ್ ಎನ್ನುತ್ತದೆ. ಒಂದು ಬೆಳಿಗ್ಗೆ ಅದು ಹಾಗೆ ಟಿಂಗ್ ಎಂದಾಗ ಕೋಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಆ ಹೆಸರಿನ ಹುಡುಗನನ್ನು ಹಿಂದಿನ ವಾರವಷ್ಟೇ ಮಣ್ಣು ಮಾಡಿದ್ದರು. ಟಿವಿ ಕರೆದದ್ದು ಅವನದೇ ಹೆಸರಿನ ಇನ್ನೊಬ್ಬನನ್ನು. ಟಿವಿಯ ಪ್ಲಗ್ ಕಿತ್ತೆ. ಕಂಪ್ಯೂಟರಿನಲ್ಲಿ ‘ಕರೆಯುವ ಹೆಸರು’ ಎಂಬ ಒಂದು ಖಾಲಿ ಅಂಕಣ ವರ್ಷಗಳಿಂದ ಇತ್ತು. ಈಗ ಸೋಮವಾರ ಬೆಳಿಗ್ಗೆ ಆಂಟಿ ಅದನ್ನು ತಿದ್ದುತ್ತಾರೆ. ಒಮ್ಮೊಮ್ಮೆ ಒಂದೇ ದಿನದ ಪಟ್ಟಿಯಲ್ಲಿ ನಾಲ್ಕು ಮಂದಿ ಕುಮಂಜಾಯಿ. ಹುಟ್ಟಿದ ದಿನಾಂಕ ನೋಡಿ ಔಷಧಿ ಕೊಡುವ ಅಭ್ಯಾಸ ಇದರಿಂದ ಇನ್ನಷ್ಟು ಬಿಗಿಯಾಗಿದೆ.

ನೆಂಟಸ್ತಿಕೆಯ ಪಾಠ ಮೆಲ್ಬರ್ನ್‌ನಿಂದ ಬಂದವರಿಗೆ ತಲೆನೋವು ತಂದಿತು. ನನಗೆ ಅದು ನೀರು ಕುಡಿದಷ್ಟು ಸಲೀಸು. ಅಮ್ಮನ ಅಕ್ಕತಂಗಿಯರೂ ಅಮ್ಮಂದಿರೇ, ಅಪ್ಪನ ಅಣ್ಣತಮ್ಮಂದಿರೂ ಅಪ್ಪಂದಿರೇ. ದೊಡ್ಡಮ್ಮ, ಚಿಕ್ಕಪ್ಪ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಮಗುವನ್ನು ಕರೆತಂದವಳನ್ನು “ನೀವು ನಿಜವಾದ ತಾಯಿಯಾ?” ಎಂದು ಕೇಳುವುದನ್ನು ನಮ್ಮ ಕೌಂಟರಿನಲ್ಲಿ ನಿಲ್ಲಿಸಿದ್ದೇವೆ. “ಈ ಮಗುವಿಗೆ ಸಹಿ ಹಾಕುವವರು ಯಾರು?” ಎಂದು ಕೇಳುತ್ತೇವೆ.

ಒಂದು ಚುಚ್ಚುಮದ್ದಿನ ಕಥೆ ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಇಲ್ಲಿಯ ಮಕ್ಕಳಲ್ಲಿ ರುಮ್ಯಾಟಿಕ್ ಜ್ವರ ಬಹಳ. ಗಂಟಲಿನ ಅಥವಾ ಚರ್ಮದ ಸೋಂಕಿನಿಂದ ಆರಂಭವಾಗಿ ಹೃದಯದ ಕವಾಟಕ್ಕೆ ಕುತ್ತು ತರುವ ಕಾಯಿಲೆ ಅದು. ಮತ್ತೆ ಬಾರದಂತೆ ತಡೆಯಲು 28 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಬೇಕು, ವರ್ಷಗಟ್ಟಲೆ. ಮಂದವಾದ, ಹಾಲಿನಂಥ ದ್ರವ. ಸ್ನಾಯುವಿನ ಆಳಕ್ಕೆ ಇಳಿಯಬೇಕು, ಪ್ರಾಣ ಹೋಗುವಷ್ಟು ನೋವು. 95 ಅಂಕ ತೆಗೆದ ನರ್ಸ್ ಒಬ್ಬರು ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೆಯೇ ಹನ್ನೆರಡರ ಹುಡುಗಿಯೊಬ್ಬಳಿಗೆ ಒಂದೇ ಉಸಿರಿಗೆ ಚುಚ್ಚಿ, ಕೈ ತೊಳೆದು, ಪ್ರಮಾಣಪತ್ರದ ಕೆಳಗೆ ಕೂತು ದಾಖಲೆ ಬರೆದರು. ಮುಂದಿನ ತಿಂಗಳು ಹುಡುಗಿ ಬರಲಿಲ್ಲ.

ಆಂಟಿ ಅವಳ ಮನೆಗೆ ನಡೆದು ಹೋಗಿ, ಅಂಗಳದಲ್ಲಿ ಅವಳ ಅಜ್ಜಿಯ ಜೊತೆ ಬೇರೇನೋ ಮಾತನಾಡಿ ಬಂದರು. ಎರಡು ದಿನ ಬಿಟ್ಟು ಅಜ್ಜಿ ಮೊಮ್ಮಗಳು ಇಬ್ಬರೂ ಬಂದರು. ಆಂಟಿ ಸಿರಿಂಜನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಾ ಕೂತರು. ಮಾತಿಲ್ಲ. ನಾನಾಗಿದ್ದರೆ ಆ ಮೌನವನ್ನು ತುಂಬಲು ಶಾಲೆ ಹೇಗಿದೆ ಎಂದು ಕೇಳಿಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹುಡುಗಿಯೇ ಎಡಗಡೆ ಎಂದು ಕೈಸನ್ನೆ ಮಾಡಿದಳು. ಆ ಜಾಗವನ್ನು ಆಂಟಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು, ಆಮೇಲೆ ಸೂಜಿ. ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಹುಡುಗಿ ಅತ್ತಳು. ಆದರೆ 28 ದಿನ ಕಳೆದ ಮೇಲೆ ತಾನೇ ಬಂದಳು.

ಇನ್ನುಳಿದವು ಸಣ್ಣ ದೂರುಗಳು. ನಮ್ಮ ಉಪಗ್ರಹ ಇಂಟರ್‌ನೆಟ್ಟಿನಲ್ಲಿ ವಿಡಿಯೊ ಪದೇ ಪದೇ ನಿಲ್ಲುತ್ತದೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಲು ಬಿಡುವುದಿಲ್ಲ. ದೂರು ಬರೆದ ಇಮೇಲಿಗೆ 11 ದಿನದ ನಂತರ ಉತ್ತರ ಬಂತು. ಅದರಲ್ಲಿಯೂ ಬ್ರೌಸರ್ ಬದಲಿಸಿ ನೋಡಿ ಎಂಬ ಸಲಹೆ ಮಾತ್ರ. ಪ್ರಮಾಣಪತ್ರ ಚೆನ್ನಾಗಿದೆ, ಚಿನ್ನದ ಅಂಚಿದೆ. ಕೌಂಟರಿನ ಹಿಂದೆ ತೂಗುಹಾಕಿದ ವಾರ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ನೋಡಿ, “ಇದನ್ನು ನಿಮಗೆ ಕೊಟ್ಟವರು ಯಾರು?” ಎಂದು ಕೇಳಿದರು. ಕಂಪನಿಯ ಹೆಸರು ಹೇಳಿದೆ. “ಅವರು ಇಲ್ಲಿಗೆ ಬಂದಿದ್ದರಾ?” ಎಂದರು. ಇಲ್ಲ ಎಂದೆ. “ಹೂಂ” ಎಂದು ರಕ್ತದೊತ್ತಡ ನೋಡಿಸಿಕೊಳ್ಳಲು ಒಳಗೆ ಹೋದರು.

ಕೊಳ್ಳಬೇಕೋ ಬೇಡವೋ ಎಂದು ಕೇಳುವ ಸಹೋದ್ಯೋಗಿಗಳಿಗೆ ನನ್ನ ಸಲಹೆ: ಹೊಸದಾಗಿ ಬರುವವರಿಗೆ ಮಾತ್ರ ಕೊಳ್ಳಿ, ಎರಡನೆಯ ಪಾಠಕ್ಕಾಗಿ. ಉಳಿದ ದುಡ್ಡನ್ನು ನಿಮ್ಮ ಕ್ಲಿನಿಕ್ಕಿನಲ್ಲೇ ಈ ಪಾಠವನ್ನು ವರ್ಷಗಳಿಂದ ಬಿಟ್ಟಿಯಾಗಿ ಹೇಳಿಕೊಡುತ್ತಿರುವವರಿಗೆ ಕೊಡಿ. ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೊಸ ಡಾಕ್ಟರು ತಪ್ಪು ಮಾಡಿದಾಗ ಆ ಮನೆಗೆ ಹೋಗಿ ಸಮಾಧಾನ ಮಾಡುವವರು, ಊಟದ ಬಿಡುವಿನಲ್ಲಿ “ಒಂದು ನಿಮಿಷ, ಇದನ್ನು ಹೇಗೆ ಕೇಳಲಿ?” ಎಂಬ ಪ್ರಶ್ನೆಗೆ ಉತ್ತರಿಸುವವರು. ಆಂಟಿಯ ಸಂಬಳದ ಚೀಟಿಯಲ್ಲಿ ಈ ಕೆಲಸಕ್ಕೆ ಒಂದು ಸೆಂಟೂ ಇರಲಿಲ್ಲ. ಇದು ನನ್ನ ಕಣ್ಣಿಗೆ ಬೀಳಲು ಎರಡು ವರ್ಷ ಬೇಕಾಯಿತು. ಅದಕ್ಕೆ ನನಗೇ ಒಂದು ನಕ್ಷತ್ರ ಕಡಿಮೆ ಮಾಡಿಕೊಳ್ಳಬೇಕು.

ಈ ಜುಲೈಯಿಂದ ತಿಂಗಳಿಗೆ ಅರ್ಧ ದಿನ ಆಂಟಿ ಸಿಬ್ಬಂದಿಗೆ ಪಾಠ ಮಾಡುತ್ತಾರೆ, ಅದಕ್ಕೆ ಪ್ರತ್ಯೇಕ ಸಂಭಾವನೆಯಿದೆ. ಮೊದಲ ಪಾಠ ನಡೆದದ್ದು ಹೊರಗಿನ ಬೆಂಚಿನ ಮೇಲೆ. ಮುಕ್ಕಾಲು ಗಂಟೆ ಅವರು ಏನೂ ಕಲಿಸಲಿಲ್ಲ, ನಾವು ಯಾರ ಮಕ್ಕಳು, ಯಾವ ಊರಿನವರು ಎಂದು ಒಬ್ಬೊಬ್ಬರನ್ನೇ ಕೇಳಿದರು. ಲೆಕ್ಕಪತ್ರ ವಿಭಾಗದವರು ಈ ಸಂಭಾವನೆಯನ್ನು ‘ಇತರೆ ವೆಚ್ಚ’ ಎಂಬ ತಲೆಬರಹದಡಿ ಹಾಕಿದ್ದಾರೆ, ಚಹಾಪುಡಿ ಮತ್ತು ಶೌಚಾಲಯದ ಕಾಗದದ ಜೊತೆ. ‘ತರಬೇತಿ’ ಅಡಿಗೆ ಬದಲಿಸಿ ಎಂದು ಮೂರು ಸಲ ಬರೆದಿದ್ದೇನೆ. ಅದಕ್ಕೆ ಪ್ರಮಾಣಪತ್ರ ಲಗತ್ತಿಸಬೇಕಂತೆ.