ಮೊದಲ ಹಾಫ್ ಮ್ಯಾರಥಾನ್‌ಗೆ ತಯಾರಿ: ಹನ್ನೆರಡು ವಾರದ ಪಟ್ಟಿಯೋ, ಓಡು-ನಡೆಯೋ, ಎದೆಬಡಿತದ ವಾಚೋ?

ಮೊದಲ ಸಲ 21 ಕಿ.ಮೀ. ಓಡಲು ಹೊರಟವರಿಗೆ ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಯಾರಾದರೂ ಹೇಳಿಕೊಡುತ್ತಾರೆ. ಮೊದಲನೆಯದು ಅಮೆರಿಕದ ಓಟದ ತರಬೇತುದಾರ ಹ್ಯಾಲ್ ಹಿಗ್ಡನ್ ಅವರು ಹೊಸಬರಿಗೆಂದು ಮಾಡಿದ ‘ನಾವಿಸ್ 1’ ಎಂಬ 12 ವಾರದ ತರಬೇತಿ ಪಟ್ಟಿ. ಎರಡನೆಯದು ಜೆಫ್ ಗ್ಯಾಲೋವೇ ಅವರ ಓಡು-ನಡೆ ಪದ್ಧತಿ. ಮೂರನೆಯದು ಕೈಗೆ ವಾಚ್ ಕಟ್ಟಿಕೊಂಡು, ಎದೆಬಡಿತ ಇಂತಿಷ್ಟು ದಾಟದಂತೆ ಓಡುವುದು. ಮೂರನ್ನೂ ವಾರಗಟ್ಟಲೆ ಮಾಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಓಟು ಓಡು-ನಡೆಗೆ. ಹೆಚ್ಚು ದುಡ್ಡು ಹೋದದ್ದು ವಾಚಿಗೆ, ಅತಿ ಕಡಿಮೆ ಉಪಯೋಗಕ್ಕೆ ಬಂದದ್ದೂ ಅದೇ.

ಕಾರಣ ಸರಳ. ಹೊಸದಾಗಿ ಓಡುವವರಿಗೆ ಉಸಿರು ಮೂರು-ನಾಲ್ಕು ವಾರದಲ್ಲೇ ಹದಕ್ಕೆ ಬರಲು ಶುರುವಾಗುತ್ತದೆ. ಮೂಳೆ, ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಏದುಸಿರು ನಿಂತಿತು ಅಂತ ದೂರ ಹೆಚ್ಚಿಸುತ್ತಾ ಹೋದರೆ ಐದು-ಆರನೇ ವಾರಕ್ಕೆ ಮೊಣಕಾಲ ಕೆಳಗಿನ ಮೂಳೆಯ ಒಳಅಂಚಿನಲ್ಲಿ ನೋವು ಹಿಡಿಯುತ್ತದೆ. ಹಾಗಾಗಿ ಹೊಸಬರ ತಯಾರಿಯಲ್ಲಿ ಕಾಯಬೇಕಾದದ್ದು ಕಾಲನ್ನು. ಮೂರೂ ಪದ್ಧತಿಗಳನ್ನು ಈ ಒಂದು ಅಳತೆಗೋಲಿನಿಂದಲೇ ನೋಡಿದ್ದೇನೆ.

ಹಿಗ್ಡನ್ ಪಟ್ಟಿಯ ಒಳ್ಳೆಯ ಗುಣ ಅದರ ನೇರತನ. ಶುರುವಿನ ವಾರಗಳಲ್ಲಿ ಮಂಗಳವಾರ, ಗುರುವಾರ 3 ಮೈಲಿ, ಬುಧವಾರ 2 ಮೈಲಿ ಅಥವಾ ಬೇರೆ ವ್ಯಾಯಾಮ, ಶನಿವಾರ ಅರ್ಧ ಗಂಟೆ ಸೈಕಲ್ಲೋ ಈಜೋ, ಭಾನುವಾರ ಲಾಂಗ್ ರನ್, ಅಂದರೆ ವಾರದ ಅತಿ ದೂರದ ಓಟ. ಭಾನುವಾರದ ಓಟ 4 ಮೈಲಿಯಿಂದ ಶುರುವಾಗಿ 11ನೇ ವಾರಕ್ಕೆ 10 ಮೈಲಿ ಮುಟ್ಟುತ್ತದೆ. ಅಂದರೆ 6.4 ಕಿ.ಮೀ.ನಿಂದ 16 ಕಿ.ಮೀ. ಉಳಿದ 5 ಕಿ.ಮೀ.ಯನ್ನು ಓಟದ ದಿನವೇ ಮೊದಲ ಸಲ ಕಾಣಬೇಕು. ವಾರದಲ್ಲಿ ಮೂರು-ನಾಲ್ಕು ದಿನ 5 ಕಿ.ಮೀ. ನಿಲ್ಲದೆ ಓಡಬಲ್ಲವರಿಗೆಂದು ಮಾಡಿದ ಪಟ್ಟಿ ಇದು. ಸೋಫಾದಿಂದ ಎದ್ದು ನೇರ ಮೊದಲ ವಾರಕ್ಕೆ ಕಾಲಿಟ್ಟರೆ ಮೂರನೇ ವಾರಕ್ಕೇ ಮೀನಖಂಡ ಬಿಗಿದುಕೊಳ್ಳುತ್ತದೆ. ಅಂಥವರು ಇದರ ಹಿಂದೆ ಎಂಟು ವಾರದ 5 ಕಿ.ಮೀ. ತಯಾರಿ ಸೇರಿಸಿಕೊಳ್ಳಲೇಬೇಕು, ಆಗ 12 ವಾರ ಅನ್ನುವುದು 20 ವಾರ ಆಗುತ್ತದೆ.

ಇನ್ನೊಂದು ತೊಡಕು ದಿನಗಳದ್ದು. ನಾಲ್ಕು ಬೆಳಗು ಓಟಕ್ಕೆ, ಒಂದು ಸೈಕಲ್ಲಿಗೆ. ಬೆಂಗಳೂರಿನಲ್ಲಿ ಎಂಟಕ್ಕೆ ಆಫೀಸ್ ಕ್ಯಾಬ್ ಹತ್ತುವವರಿಗೆ ವಾರದಲ್ಲಿ ಸಿಗುವುದು ಎರಡು ಬೆಳಗು, ಮೇಲೆ ಭಾನುವಾರ. ದಿನ ತಪ್ಪಿದರೆ ಬುಧವಾರದ್ದನ್ನು ಬಿಡಿ, ಭಾನುವಾರದ್ದನ್ನು ಬಿಡಬೇಡಿ. ತಪ್ಪಿದ್ದನ್ನು ಮರುದಿನದ ಓಟಕ್ಕೆ ಸೇರಿಸುವುದಂತೂ ಬೇಡವೇ ಬೇಡ.

ಈಗ ಓಡು-ನಡೆ. ಗ್ಯಾಲೋವೇ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮುಂಚೆಯೇ, ಮೊದಲ ಕಿಲೋಮೀಟರಿನಿಂದಲೇ ಗಡಿಯಾರ ನೋಡಿ ನಡೆಯುವುದು ಅವರ ಪದ್ಧತಿಯ ತಿರುಳು. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ನಡೆಯುವಾಗ ಹೆಚ್ಚುಕಡಿಮೆ ಒಂದೇ ಪಟ್ಟು. ಎರಡು ನಿಮಿಷಕ್ಕೊಮ್ಮೆ ಕಾಲಿಗೆ ಈ ಬಿಡುವು ಸಿಗುವುದರಿಂದಲೇ ಭಾನುವಾರ 14 ಕಿ.ಮೀ. ಮುಗಿಸಿದವರು ಸೋಮವಾರ ಮೆಟ್ಟಿಲನ್ನು ನೇರವಾಗಿ ಇಳಿಯುತ್ತಾರೆ. ಪಟ್ಟಿಯ ದಾರಿ ಹಿಡಿದಾಗ ಕಂಬಿ ಹಿಡಿದು ಅಡ್ಡಡ್ಡ ಇಳಿಯಬೇಕಾಗುತ್ತದೆ.

‘ನಡೆದರೆ ಅದು ಓಟವೇ ಅಲ್ಲ, ಟೈಮ್ ಹಾಳು’ ಅನ್ನುವ ಮಾತಿದೆ. ಲೆಕ್ಕ ಹಾಕಿ. ಕಿಲೋಮೀಟರಿಗೆ 7 ನಿಮಿಷದ ಓಟ, 11 ನಿಮಿಷದ ಬಿರುಸು ನಡಿಗೆ ಅಂತಿಟ್ಟುಕೊಳ್ಳೋಣ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಮಾಡಿದರೆ ಸರಾಸರಿ 7 ನಿಮಿಷ 58 ಸೆಕೆಂಡ್, ಹಾಫ್ ಮುಗಿಯುವುದು 2 ಗಂಟೆ 48 ನಿಮಿಷಕ್ಕೆ. ಮೂರಕ್ಕೆ ಒಂದು ಮಾಡಿದರೆ 2 ಗಂಟೆ 42. ಅರ್ಧ ನಿಮಿಷ ಓಟ, ಅರ್ಧ ನಿಮಿಷ ನಡಿಗೆ ಮಾಡಿದರೆ 3 ಗಂಟೆ ದಾಟಿ ಅರ್ಧ ನಿಮಿಷ. ನೀವು ಹೆಸರು ಕೊಟ್ಟ ಓಟದ ಕಟಾಫ್ (ಓಟ ಮುಗಿಸಲೇಬೇಕಾದ ಗಡುವು) ಮೂರು ಗಂಟೆಯಾಗಿದ್ದರೆ ಬೇಕಾದ ಸರಾಸರಿ 8 ನಿಮಿಷ 32 ಸೆಕೆಂಡ್, ಆಗ ಈ ಕೊನೆಯ ಅನುಪಾತ ಕೂದಲೆಳೆಯಲ್ಲಿ ಕೈಕೊಡುತ್ತದೆ. ಮೊದಲೆರಡು ಆರಾಮಾಗಿ ದಾಟಿಸುತ್ತವೆ. ನಿಲ್ಲದೆ ಅದೇ ವೇಗದಲ್ಲಿ ಓಡಿದರೆ 2 ಗಂಟೆ 28 ನಿಮಿಷ ಆಗಬೇಕು, ನಿಜ. ಆದರೆ ಹೊಸಬರು 15ನೇ ಕಿ.ಮೀ. ನಂತರ ಆ ವೇಗ ಉಳಿಸಿಕೊಳ್ಳುವುದು ಅಪರೂಪ. ಅಲ್ಲಿಂದಾಚೆಯ ನಡಿಗೆ ಕಾಲೆಳೆಯುವ ನಡಿಗೆ, ಕಿಲೋಮೀಟರಿಗೆ 13-14 ನಿಮಿಷ.

ನಿಮ್ಮ ವೇಗ ಎಷ್ಟಿರಬೇಕು ಅಂತ ತಿಳಿಯಲು ಗ್ಯಾಲೋವೇ ಕೊಟ್ಟ ಪರೀಕ್ಷೆ ಚೆನ್ನಾಗಿದೆ. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರ್, ಅಂದರೆ ಒಂದು ಮೈಲಿ. ಮೈ ಬಿಸಿ ಮಾಡಿಕೊಂಡು, ವಾಂತಿ ಬರುವಷ್ಟಲ್ಲದಿದ್ದರೂ ಸಾಕಷ್ಟು ಜೋರಾಗಿ ಓಡಿ. ಬಂದ ಸಮಯವನ್ನು 1.2ರಿಂದ ಗುಣಿಸಿದರೆ ಹಾಫ್‌ನಲ್ಲಿ ಒಂದು ಮೈಲಿಗೆ ಬೇಕಾಗುವ ಸಮಯ. 10 ನಿಮಿಷ ಬಂದರೆ 12 ನಿಮಿಷ, ಅಂದರೆ ಕಿಲೋಮೀಟರಿಗೆ 7 ನಿಮಿಷ 27 ಸೆಕೆಂಡ್. ಭಾನುವಾರದ ಲಾಂಗ್ ರನ್‌ಗೆ ಇನ್ನೂ ಎರಡು ನಿಮಿಷ ಸೇರಿಸಿ: ಮೈಲಿಗೆ 14, ಕಿಲೋಮೀಟರಿಗೆ 8 ನಿಮಿಷ 42. ಇಷ್ಟು ನಿಧಾನವೇ ಅಂತ ಅನ್ನಿಸುತ್ತದೆ. ಅಷ್ಟು ನಿಧಾನವೇ ಇರಬೇಕು.

ನನಗೆ ಹೊಂದಿದ 16 ವಾರದ ಪಟ್ಟಿ ಇಷ್ಟೇ. ಮಂಗಳ, ಗುರು 30ರಿಂದ 45 ನಿಮಿಷ. ಭಾನುವಾರ ಕ್ರಮವಾಗಿ 5, 6, 7, 5, 8, 10, 7, 12, 8, 14, 9, 16, 10, 18, 10 ಕಿ.ಮೀ., 16ನೇ ಭಾನುವಾರ ಓಟ. ನಡುನಡುವೆ ಇಳಿಯುವ ಅಂಕಿಗಳು ಕಾಲು ರಿಪೇರಿಯಾಗುವ ವಾರಗಳು, ಅವನ್ನು ಹಾರಿಸಿ ಮುಂದಕ್ಕೆ ಹೋಗುವ ಆಸೆ ಬೇಡ. ಮೊದಲ ನಾಲ್ಕು ವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ಆಮೇಲೆ ಎರಡಕ್ಕೆ ಒಂದು. ಎರಡಕ್ಕೆ ಒಂದರಲ್ಲೇ ಹಾಫ್ ಮುಗಿಸಬಹುದು, ಅದಕ್ಕಿಂತ ಏರಿಸಲೇಬೇಕೆಂದಿಲ್ಲ.

ಇಲ್ಲಿ ಕೆಡುವುದು ಎರಡು ಕಡೆ. ನಡೆದ ಸಮಯವನ್ನು ವಸೂಲು ಮಾಡಲು ಓಟದ ಎರಡು ನಿಮಿಷವನ್ನು ಜೋರು ಮಾಡುವುದು ಒಂದು. ಹಾಗೆ ಮಾಡಿದರೆ ಅದು ಲಾಂಗ್ ರನ್ ಆಗಿ ಉಳಿಯುವುದಿಲ್ಲ, ಸ್ಪೀಡ್ ವರ್ಕೌಟ್ ಆಗುತ್ತದೆ. ಎರಡನೆಯದು, ‘ಈಗ ಚೆನ್ನಾಗಿದೀನಿ’ ಅಂತ ಮೊದಲ ಮೂರು-ನಾಲ್ಕು ಕಿ.ಮೀ.ಯ ನಡಿಗೆಗಳನ್ನು ಬಿಟ್ಟುಬಿಡುವುದು. ಕೊನೆಯ ಐದು ಕಿ.ಮೀ.ಗೆ ಕಾಲು ಉಳಿಸಿಕೊಡುವುದು ಆ ಮೊದಲ ನಡಿಗೆಗಳೇ. ಟೈಮರ್‌ಗೆ ಫೋನಿನ ಉಚಿತ ಇಂಟರ್‌ವಲ್ ಆ್ಯಪ್ ಸಾಕು, ಆದರೆ ಬ್ಯಾಟರಿ ಸೇವರ್ ಆನ್ ಇದ್ದರೆ ಸ್ಕ್ರೀನ್ ಆರಿದ ಮೇಲೆ ಆ್ಯಪ್ ಸುಮ್ಮನಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಒಂದು ಆ್ಯಪ್‌ಗೆ ವಿನಾಯಿತಿ ಕೊಟ್ಟು, ಮನೆಯಲ್ಲೇ ಹತ್ತು ನಿಮಿಷ ಪರೀಕ್ಷಿಸಿ.

ಇನ್ನು ವಾಚು. ತತ್ವದಲ್ಲಿ ತಪ್ಪಿಲ್ಲ: ಕಡಿಮೆ ಬಡಿತದಲ್ಲಿ ಹೆಚ್ಚು ಹೊತ್ತು ಓಡಿದರೆ ದಮ್ಮು ಬೆಳೆಯುತ್ತದೆ. ತೊಂದರೆ ಇರುವುದು ಮಣಿಕಟ್ಟಿನ ಮೇಲಿನ ಅಂಕಿಯನ್ನು ನಂಬುವುದರಲ್ಲಿ.

ಮೊದಲನೆಯದಾಗಿ, ಎಷ್ಟೋ ವಾಚುಗಳು ವಯಸ್ಸು ಕೇಳಿ, 220ರಿಂದ ಕಳೆದು, ಅದರ ನೇರ ಶೇಕಡಾವಾರಿನಿಂದ ವಲಯ, ಅಂದರೆ ಬಡಿತ ಇರಬೇಕಾದ ಕೆಳಗಿನ-ಮೇಲಿನ ಮಿತಿ, ಕಟ್ಟುತ್ತವೆ. 38 ವರ್ಷದವರಿಗೆ ಗರಿಷ್ಠ 182, ಅದರ ಶೇ. 60ರಿಂದ 70 ಅಂದರೆ 109ರಿಂದ 127. ಹೊಸಬರು ಎಷ್ಟೇ ಮೆಲ್ಲಗೆ ಓಡಿದರೂ 127ರೊಳಗೆ ನಿಲ್ಲುವುದು ಕಷ್ಟ, ವಾಚ್ ಪ್ರತಿ ನೂರು ಹೆಜ್ಜೆಗೂ ಗುಂಯ್ ಅನ್ನುತ್ತದೆ. ವಿಶ್ರಾಂತ ಬಡಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾರ್ವೊನೆನ್ ಸೂತ್ರದಲ್ಲಿ ಅದೇ ಮನುಷ್ಯನಿಗೆ ಬೇರೆಯೇ ಉತ್ತರ. ಬೆಳಗ್ಗೆ ಹಾಸಿಗೆಯಲ್ಲಿ 66 ಇದ್ದರೆ 182ರಿಂದ 66 ಕಳೆದು 116, ಅದರ ಶೇ. 60-70ಕ್ಕೆ ಮತ್ತೆ 66 ಸೇರಿಸಿದರೆ 136ರಿಂದ 147. ತರಬೇತುದಾರ ಫಿಲ್ ಮ್ಯಾಫಟೋನ್ ಹೇಳುವ 180ರಿಂದ ವಯಸ್ಸು ಕಳೆಯುವ ಲೆಕ್ಕದಲ್ಲಿ 142. ಒಂದೇ ಎದೆ, ಮೂರು ಮಿತಿ, ನಡುವೆ 20 ಬಡಿತದ ವ್ಯತ್ಯಾಸ. ಜೊತೆಗೆ 220ರ ಸೂತ್ರವೇ ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಬಡಿತ ಆಚೀಚೆ ಆಗುತ್ತದೆ.

ಎರಡನೆಯದು ಇದಕ್ಕಿಂತ ಕಾಡುವಂಥದ್ದು. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ನುಗ್ಗಿದಾಗೆಲ್ಲ ವಾಪಸು ಬರುವ ಬೆಳಕು ಕಡಿಮೆಯಾಗುವುದನ್ನು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ವಾಚ್ ಕುಣಿದು, ಆ ಕುಣಿತವನ್ನೇ ಬಡಿತ ಅಂತ ಎಣಿಸಿಬಿಡುತ್ತದೆ. ಹೊಸಬರ ಹೆಜ್ಜೆ ನಿಮಿಷಕ್ಕೆ 160-170 ಇರುವುದು ಸಾಮಾನ್ಯ, ಹಾಗಾಗಿ ಆರಾಮಾಗಿ ಮಾತಾಡಿಕೊಂಡು ಓಡುತ್ತಿದ್ದರೂ ಪರದೆಯ ಮೇಲೆ 168. ಹೆದರಿ ನಿಧಾನ ಮಾಡಿದರೂ ಹೆಜ್ಜೆಯ ಲಯ ಹೆಚ್ಚು ಬದಲಾಗುವುದಿಲ್ಲ, ಅಂಕಿಯೂ ಇಳಿಯುವುದಿಲ್ಲ. ಚಳಿಯ ಬೆಳಗಿನಲ್ಲಿ ಇದು ಹೆಚ್ಚು, ಚರ್ಮದ ರಕ್ತನಾಳಗಳು ಸಂಕುಚಿತವಾಗಿ ನಿಜವಾದ ಸಂಕೇತ ಕ್ಷೀಣವಾಗಿರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಮೊದಲ 15 ನಿಮಿಷದ ಅಂಕಿಯನ್ನು ನಾನು ನೋಡುವುದೇ ಇಲ್ಲ.

ಪತ್ತೆ ಹಚ್ಚುವುದು ಹೀಗೆ. ಥಟ್ಟನೆ ನಿಂತು, ಎರಡು ಬೆರಳನ್ನು ಗಂಟಲಿನ ಪಕ್ಕದ ನಾಡಿಯ ಮೇಲೆ ಮೆತ್ತಗಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 35 ಬಂದರೆ 140. ವಾಚ್ ಆಗ 168 ತೋರಿಸುತ್ತಿದ್ದು, ನಿಂತ ಕೆಲವೇ ಕ್ಷಣದಲ್ಲಿ 130ಕ್ಕೆ ಧುಮುಕಿದರೆ ಅದು ಎಣಿಸುತ್ತಿದ್ದದ್ದು ಹೆಜ್ಜೆಯನ್ನು. ನಿಜವಾದ ಬಡಿತ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಹಾಗೆ ಧುಮುಕುವುದಿಲ್ಲ. ವಾಚನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ, ಓಡುವಷ್ಟು ಹೊತ್ತು ಒಂದು ತೂತು ಬಿಗಿಯಾಗಿ ಕಟ್ಟಿದರೆ ಅರ್ಧ ತೊಂದರೆ ಹೋಗುತ್ತದೆ. ಉಳಿದರ್ಧಕ್ಕೆ ಎದೆಗೆ ಕಟ್ಟುವ ಪಟ್ಟಿಯೇ ಬೇಕು. ಅದರ ಎರಡು ಪ್ಯಾಡನ್ನು ನೀರಿನಿಂದ ಒದ್ದೆ ಮಾಡದೆ ಕಟ್ಟಿದರೆ ಅದೂ ಮೊದಲ ಹತ್ತು ನಿಮಿಷ ಅಡ್ಡಾದಿಡ್ಡಿ ಹೇಳುತ್ತದೆ.

ಕರಾವಳಿಯವರಿಗೆ ಇನ್ನೂ ಒಂದು ಕಷ್ಟ. ಮಂಗಳೂರಿನ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಿಂದ ರಕ್ತದ ನೀರಿನಂಶವೂ ಇಳಿಯುತ್ತದೆ. ಅದೇ ವೇಗಕ್ಕೆ ಹೃದಯ ಹತ್ತು-ಹದಿನೈದು ಸಲ ಹೆಚ್ಚು ಬಡಿಯುತ್ತದೆ. ಬೆಂಗಳೂರಿನಲ್ಲಿ ಕಟ್ಟಿಕೊಂಡ ಮಿತಿಯನ್ನು ಅಲ್ಲಿ ಹಿಡಿದು ಕೂತರೆ ಓಟವಿಡೀ ನಡಿಗೆಯೇ. ಇಷ್ಟೆಲ್ಲ ಸರಿಪಡಿಸಿಕೊಂಡ ಮೇಲೆ ಸಿಗುವ ಉತ್ತರವನ್ನು ಬಿಟ್ಟಿಯಾಗಿಯೂ ಪಡೆಯಬಹುದು: ಒಂದು ಪೂರ್ತಿ ವಾಕ್ಯವನ್ನು ಉಸಿರು ಕಡಿಯದೆ ಹೇಳಲು ಆದರೆ ವೇಗ ಸರಿ, ಎರಡೇ ಪದಕ್ಕೆ ನಿಲ್ಲಬೇಕಾದರೆ ಜೋರಾಯಿತು.

ಶೂ ಮೂರಕ್ಕೂ ಒಂದೇ: ಸಂಜೆ ಹೊತ್ತು, ಓಡುವ ಕಾಲುಚೀಲ ಹಾಕಿಕೊಂಡು, ಉದ್ದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬಿಟ್ಟು ಕೊಳ್ಳಿ.

75 ನಿಮಿಷ ದಾಟುವ ಓಟಕ್ಕೆ ಏಲಕ್ಕಿ ಬಾಳೆಹಣ್ಣು, ನಡೆಯುವ ನಿಮಿಷದಲ್ಲಿ ಅಗಿದು ನುಂಗಲು ಸಾಕಷ್ಟು ಸಮಯವಿರುತ್ತದೆ. ನಿಲ್ಲದೆ ಓಡುವವರಿಗೆ ಈ ಅನುಕೂಲ ಇಲ್ಲ. ಓಆರ್‌ಎಸ್ ಪೊಟ್ಟಣದಲ್ಲಿ 20.5 ಗ್ರಾಂ ಇದ್ದರೆ ಅದು ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಹೊಟ್ಟೆ ತೊಳಸುತ್ತದೆ. 200 ಮಿ.ಲೀ.ಗೆಂದೇ ಬರುವ ಚಿಕ್ಕ ಪೊಟ್ಟಣ ಕೊಂಡರೆ ಅಳತೆಯ ತಲೆನೋವಿಲ್ಲ.

ನೋವಿನ ವಿಷಯದಲ್ಲಿ ಮಾತ್ರ ಯಾವ ಪದ್ಧತಿಗೂ ಕಿವಿಗೊಡಬೇಡಿ. ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ಗೇಣರ್ಧ ಹರಡಿದ ನೋವಾದರೆ ಒಂದು ವಾರ ಬಿಡುವು, ಐಸ್, ಆಮೇಲೆ ಅರ್ಧ ದೂರದಿಂದ ಮತ್ತೆ ಶುರು. ಒಂದೇ ಬೆರಳಲ್ಲಿ ತೋರಿಸಬಹುದಾದ ಚುಕ್ಕೆಯಂಥ ನೋವು, ಒತ್ತಿದರೆ ಜೀವ ಹೋಗುವಂತಿದ್ದರೆ, ಮೂಳೆಯಲ್ಲಿ ಬಿರುಕಿರಬಹುದು. ಓಟ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ.

ವಾರಕ್ಕೆ ಮೂರೇ ಬೆಳಗು, ಒಂದೇ ಜೊತೆ ಶೂ, ಓಟಕ್ಕೆಂದು ತೆಗೆದಿಟ್ಟ ಆರೇಳು ಸಾವಿರ ರೂಪಾಯಿ. ನನ್ನ ಲೆಕ್ಕಕ್ಕೆ ಓಡು-ನಡೆಯೇ ಸರಿ. ಈಗಾಗಲೇ 10 ಕಿ.ಮೀ. ಆರಾಮಾಗಿ ಓಡುತ್ತಿದ್ದು, ಐದು ದಿನ ಕೊಡಬಲ್ಲವರು ಹಿಗ್ಡನ್ ಪಟ್ಟಿ ಹಿಡಿಯಲಿ, ಅವರಿಗೆ ಟೈಮೂ ಚೆನ್ನಾಗಿ ಬರುತ್ತದೆ. ವಾಚಿನ ದುಡ್ಡನ್ನು ಎರಡನೇ ಜೊತೆ ಶೂಗೆ ಇಟ್ಟುಕೊಳ್ಳಿ.

ಓಡು-ನಡೆಯವರಿಗೆ ಓಟದ ದಿನದ್ದೊಂದು ಸೂಚನೆ. ನಡೆಯುವ ಬೀಪ್ ಬರುವ ಐದು ಸೆಕೆಂಡ್ ಮುಂಚೆ ರಸ್ತೆಯ ಅಂಚಿಗೆ ಸರಿದು, ಕೈ ಮೇಲೆತ್ತಿ, ಆಮೇಲೆ ನಡಿಗೆಗೆ ಇಳಿಯಿರಿ. ನಡುರಸ್ತೆಯಲ್ಲಿ ತಟಕ್ಕನೆ ನಿಂತರೆ ಹಿಂದಿನವರು ಬೆನ್ನಿಗೆ ಬಂದು ಬೀಳುತ್ತಾರೆ. ಟೈಮರ್ ಒತ್ತುವುದು ಸ್ಟಾರ್ಟ್ ಗೆರೆ ದಾಟಿದ ಮೇಲೆ, ಗನ್ ಸದ್ದಿಗಲ್ಲ. ಜನಜಂಗುಳಿಯಲ್ಲಿ ಗೆರೆ ಮುಟ್ಟಲು ಕೆಲವು ನಿಮಿಷ ಬೇಕಾಗುತ್ತದೆ. ಕಟಾಫ್ ಮಾತ್ರ ಗನ್ ಸಮಯದಿಂದ ಲೆಕ್ಕವೋ, ನೀವು ಗೆರೆ ದಾಟಿದಾಗ ಶುರುವಾಗುವ ಚಿಪ್ ಸಮಯದಿಂದಲೋ ಅಂತ ಬಿಬ್ (ಎದೆಗೆ ಹಚ್ಚಿಕೊಳ್ಳುವ ನಂಬರ್ ಚೀಟಿ) ತೆಗೆದುಕೊಳ್ಳುವ ದಿನವೇ ಕೇಳಿ ಇಟ್ಟುಕೊಳ್ಳಿ.